ಕುಡಿತ ಬಿಟ್ಟ ಮೊದಲ ವಾರ, ಆಮೇಲಿನ ಒಂದು ವರ್ಷ

ಕುಡಿತ ನಿಲ್ಲಿಸಲು ಒಂದು ವಾರ ಸಾಕು. ನಿಂತದ್ದನ್ನು ಉಳಿಸಿಕೊಳ್ಳಲು ಕಡಿಮೆಯೆಂದರೂ ಒಂದು ವರ್ಷ ಬೇಕು. ನಮ್ಮಲ್ಲಿ ಮನೆಯವರು ದುಡ್ಡು, ರಜೆ, ಹರಕೆ ಎಲ್ಲವನ್ನೂ ಮೊದಲ ವಾರಕ್ಕೇ ಸುರಿದು, ಡಿಸ್ಚಾರ್ಜ್ ಆದ ದಿನ ಉಸ್ಸಪ್ಪಾ ಎಂದು ಕೂತುಬಿಡುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಮನೆಯಲ್ಲೇ ಒಮ್ಮೆಗೇ ಬಿಡಿಸಬೇಡಿ

ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಒಂದು ನೈಂಟಿ ಹಾಕಿದ ಮೇಲಷ್ಟೇ ನಡುಕ ನಿಲ್ಲುವವರು ಆಣೆ ಹಾಕಿ ಅವತ್ತೇ ಬಿಡಬಾರದು. ಮನಸ್ಸು ಗಟ್ಟಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಮದ್ಯ ವರ್ಷಗಟ್ಟಲೆ ಅದುಮಿಟ್ಟ ಮೆದುಳು ಅದಕ್ಕೆ ಎದುರಾಗಿ ತನ್ನ ಓಟ ಹೆಚ್ಚಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಓಟಕ್ಕೆ ತಡೆ ಇರುವುದಿಲ್ಲ. ಕೊನೆಯ ಗ್ಲಾಸಿನಿಂದ ಗಂಟೆ ಲೆಕ್ಕ ಹಾಕಿ. 6ರಿಂದ 12 ಗಂಟೆಯಲ್ಲಿ ನಡುಕ, ಬೆವರು, ವಾಂತಿ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯಲ್ಲಿ ಹುಳ ಹರಿಯುತ್ತಿದೆ ಎನ್ನುತ್ತಾರೆ, ಮನೆಯವರ ಗುರುತು ಸಿಗುವುದಿಲ್ಲ, ಮೀನುಗಾರರಾದರೆ ಮಂಚದಲ್ಲಿ ಕೂತು ಇಲ್ಲದ ಬಲೆ ಎಳೆಯುತ್ತಾರೆ. ಏನೋ ಸೋಕಿದೆ ಎಂದು ಜ್ಯೋತಿಷಿಗಳಲ್ಲಿ ಪ್ರಶ್ನೆ ಕೇಳಿಸಲು ಓಡಿದರೆ ಜೀವಕ್ಕೇ ಅಪಾಯ. 108ಕ್ಕೆ ಕರೆ ಮಾಡಿ.

ಕಾಲು ಮುರಿದೋ ಹೊಟ್ಟೆನೋವಿಗೋ ಅಡ್ಮಿಟ್ ಆದವರಿಗೂ ಇದೇ ಲೆಕ್ಕ. ಮರ್ಯಾದೆಗಂಜಿ ಕುಡಿತದ ವಿಷಯ ಮುಚ್ಚಿಟ್ಟಿರುತ್ತಾರೆ, ಮೂರನೇ ರಾತ್ರಿ ರೋಗಿ ಡ್ರಿಪ್ಸ್ ಕಿತ್ತು ಓಡುತ್ತಾನೆ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಮೊದಲ ದಿನವೇ ಡಾಕ್ಟರಿಗೆ ಹೇಳಿ. ಸುಸ್ತು ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಹಾಕಿಸುವುದೂ ಒಳ್ಳೆಯದಲ್ಲ. ಸರಿಯಾಗಿ ಉಣ್ಣದೆ ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1, ಬರಿದಾಗಿರುತ್ತದೆ. ಮೊದಲು ಅದರ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಬಿ1 ಕೊರತೆ ಮಿತಿಮೀರಿದರೆ ಕಣ್ಣಿನ ಚಲನೆ, ನಡಿಗೆ, ನೆನಪು ಮೂರೂ ಕೆಡುತ್ತವೆ. ನೆನಪು ಎಷ್ಟೋ ಸಲ ಮರಳುವುದೇ ಇಲ್ಲ.

ಮಂಗಳೂರಿನಲ್ಲಿ ವೆನ್ಲಾಕ್ ಮತ್ತು ಫಾದರ್ ಮುಲ್ಲರ್, ಉಡುಪಿ ಕಡೆ ಅಜ್ಜರಕಾಡು ಜಿಲ್ಲಾಸ್ಪತ್ರೆ, ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ನಿದ್ರೆ ಚೆನ್ನಾಗಿ ಬರುತ್ತದೆಂದು ಆ ಚೀಟಿ ಹಿಡಿದು ಮತ್ತೆ ಮೆಡಿಕಲಿಗೆ ಹೋಗಬೇಡಿ, ಅದೂ ಚಟವಾಗುತ್ತದೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಎಂಟು ದಿನಗಳ ಮದ್ಯವರ್ಜನ ಶಿಬಿರ ಬಹಳ ಜನರಿಗೆ ಹಿಡಿಸುತ್ತದೆ, ಊರವರೇ ಜೊತೆಗಿರುತ್ತಾರೆ ಎಂಬ ಕಾರಣಕ್ಕೆ. ಆದರೆ ಹಿಂದೆ ಫಿಟ್ಸ್ ಬಂದವರು, ಕಾಮಾಲೆ ಆದವರು ಮೊದಲು ಆಸ್ಪತ್ರೆಗೆ ಹೋಗಿ, ಆಮೇಲೆ ಶಿಬಿರ ನೋಡಲಿ. ಶಿಬಿರ ಮುಗಿದ ಮೇಲೆ, ಅಲ್ಲಿ ಕುಡಿತ ಬಿಟ್ಟವರೇ ಸೇರುವ ನವಜೀವನ ಸಮಿತಿಯ ಸಭೆ ತಪ್ಪಿಸಬಾರದು. ನಮಗೆ ಕೇಳಿದರೆ ಶಿಬಿರಕ್ಕಿಂತ ಹೆಚ್ಚು ಉಪಕಾರ ಆಗುವುದು ಆ ಸಭೆಗಳಿಂದಲೇ.

ಮದ್ದಿನ ವಿಷಯ

ಡೈಸಲ್ಫಿರಾಮ್ ಸಾಮಾನ್ಯವಾಗಿ ದಿನಕ್ಕೆ 250 ಮಿಲಿಗ್ರಾಂ. ಇದನ್ನು ತಿಂದವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಇಳಿಯುತ್ತದೆ. ಆ ಹೆದರಿಕೆಯೇ ಇಲ್ಲಿ ಮದ್ದು. ಆದ್ದರಿಂದ ತಿನ್ನುವವರಿಗೆ ಗೊತ್ತಿರಲೇಬೇಕು. ಸಾಂಬಾರಿಗೆ ಗುಟ್ಟಾಗಿ ಬೆರೆಸಿ ಕೊಟ್ಟರೆ, ಹೃದಯದ ತೊಂದರೆ ಇರುವವರು ಸತ್ತೇಹೋಗಬಹುದು. ‘ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ’ ಎಂಬ ಜಾಹೀರಾತುಗಳನ್ನು ಹತ್ತಿರಕ್ಕೂ ಸೇರಿಸಬೇಡಿ, ಅದರೊಳಗೇನಿದೆ ಎಂದು ಯಾರೂ ಹೇಳುವುದಿಲ್ಲ.

ಕೊನೆಯ ಗ್ಲಾಸಿನಿಂದ ಕನಿಷ್ಠ 24 ಗಂಟೆ ಕಳೆದು, ಲಿವರ್ ಪರೀಕ್ಷೆ ನೋಡಿದ ಮೇಲೆ ಮಾತ್ರೆ ಶುರುವಾಗುತ್ತದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಹೆಂಡತಿಯೋ ಅಮ್ಮನೋ ಎದುರಿಗಿರುವಾಗ ನುಂಗುವುದು ಒಳ್ಳೆಯದು. ಸಂಜೆಗೆ ಮುಂದೂಡಿದರೆ ಮರೆತೇಹೋಗುತ್ತದೆ, ಅಥವಾ ‘ಮರೆತುಹೋಗುತ್ತದೆ’. ದಶಮೂಲಾರಿಷ್ಟದಂಥ ಅರಿಷ್ಟ, ಆಸವ, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಮದ್ಯಾಂಶ ಇರುತ್ತದೆ, ನಿಲ್ಲಿಸಿ. ಶೇಂದಿ ಹಾಕಿ ಹುಳಿ ಬರಿಸಿದ, ಇಡ್ಲಿಯಂಥ ಸನ್ನಾಣವೂ ಬೇಡ, ಯೀಸ್ಟ್ ಹಾಕಿ ಮಾಡಿಕೊಳ್ಳಿ. ಮಾತ್ರೆ ಬಿಟ್ಟ ಮೇಲೂ ಎರಡು ವಾರ ಅದರ ಪರಿಣಾಮ ಉಳಿಯಬಹುದು. ‘ನಾಡಿದ್ದು ಮದುವೆ, ಇವತ್ತಿಂದ ಮಾತ್ರೆ ಬಿಡ್ತೇನೆ’ ಎಂಬ ಲೆಕ್ಕಾಚಾರಕ್ಕೆ ಆಸ್ಪತ್ರೆಯೇ ಗತಿ.

ಆಸೆ ತಗ್ಗಿಸುವ ಮದ್ದುಗಳೂ ಇವೆ. ನಾಲ್ಟ್ರೆಕ್ಸೋನ್ ದಿನಕ್ಕೊಂದು, 50 ಮಿಲಿಗ್ರಾಂ. ಟ್ರಮಡಾಲ್‌ನಂಥ ನೋವಿನ ಮಾತ್ರೆ ತಿನ್ನುವವರಿಗೆ ಆಗದು. ಅಕಾಂಪ್ರೊಸೇಟ್ 333 ಮಿಲಿಗ್ರಾಂನ ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು, ಕಿಡ್ನಿ ಸರಿಯಿರಬೇಕು. ಯಾರಿಗೆ ಯಾವುದು ಎಂಬುದು ಡಾಕ್ಟರ ತೀರ್ಮಾನ. ‘ಈಗ ಆಸೆಯೇ ಇಲ್ಲ’ ಎಂದು ಮೂರನೇ ತಿಂಗಳಿಗೆ ನಿಲ್ಲಿಸುವವರು ಬಹಳ. ಆಸೆ ಇಲ್ಲದಿರುವುದು ಮದ್ದಿನಿಂದಲೇ ಇರಬಹುದಲ್ಲವೇ?

ಕ್ಯಾಲೆಂಡರ್ ಮುಂದಿಟ್ಟು ಕೂರಿ

ಡಿಸ್ಚಾರ್ಜ್ ಆದ ವಾರವೇ ಮುಂದಿನ ಹನ್ನೆರಡು ತಿಂಗಳಲ್ಲಿ ಎಲ್ಲೆಲ್ಲಿ ಗ್ಲಾಸು ಎದುರಾಗುತ್ತದೆಂದು ಗುರುತು ಹಾಕಿ. ಸಂಬಳದ ದಿನ, ಬೋಟಿನ ಲೆಕ್ಕ ಆಗುವ ದಿನ, ಕೋಳಿಅಂಕ, ನೇಮ, ಮದುವೆಗಿಂತ ಹೆಚ್ಚಾಗಿ ಮೆಹಂದಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮಳೆ, ಕೆಲಸವಿಲ್ಲ, ಗೆಳೆಯರೆಲ್ಲ ಖಾಲಿ. ಮಲ್ಪೆ, ಬಂದರು ಕಡೆಯವರು ಆ ಎರಡು ತಿಂಗಳಿಗೆ ಬಲೆ ಹೆಣೆಯುವುದೋ ಗದ್ದೆ ಕೆಲಸವೋ, ಏನಾದರೊಂದನ್ನು ಮೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಲಿ.

ಮೆಹಂದಿಗೆ ಹೋಗಲೇಬೇಕಾದರೆ ಹೊಟ್ಟೆ ತುಂಬಾ ಉಂಡು ಹೋಗಿ, ಊಟದ ಹೊತ್ತಿಗೆ ಹೊರಟುಬಿಡಿ, ವಾಪಸ್ ಬರುವ ಗಾಡಿ ನಿಮ್ಮ ಕೈಯಲ್ಲೇ ಇರಲಿ. ‘ಒಂದು ಪೆಗ್ಗಲ್ಲಿ ಎಂತ ಆಗ್ತದೆ ಮಾರಾಯ’ ಎಂದಾಗ ಉದ್ದ ವಿವರಣೆ ಬೇಡ. ‘ಮದ್ದಿನಲ್ಲಿದ್ದೇನೆ ಮಾರಾಯ, ಕುಡಿದ್ರೆ ಸೀದಾ ಐಸಿಯು’ ಎಂದರೆ ಬಾಯಿ ಮುಚ್ಚುತ್ತಾರೆ. ಆಸೆ ಎದ್ದರೆ ಅದರ ರಭಸ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಹಸಿವು, ಸಿಟ್ಟು, ದಣಿವು ಇದ್ದಾಗ ಹೆಚ್ಚು. ಮೊದಲು ಒಂದು ಬಟ್ಟಲು ಗಂಜಿ ಉಣ್ಣಿ, ಆಮೇಲೆ ಯೋಚಿಸಿ.

ಮನೆಯವರು, ಬಾಟಲಿ ಬಚ್ಚಿಡುವ ಜಾಗಗಳಾದ ಕೊಟ್ಟಿಗೆ, ಬಚ್ಚಲಿನ ಸೌದೆ ರಾಶಿ, ಸ್ಕೂಟರಿನ ಡಿಕ್ಕಿ ಇವನ್ನು ಕುಡಿತ ಬಿಟ್ಟವರನ್ನೇ ಜೊತೆಗಿಟ್ಟುಕೊಂಡು ಒಮ್ಮೆ ಖಾಲಿ ಮಾಡಿ. ದಿನಾ ಬಾಯಿ ಮೂಸುವುದು ಬೇಡ, ಜಗಳಕ್ಕೆ ಅದೇ ನೆಪವಾಗುತ್ತದೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರುವ, 1935ರಿಂದ ನಡೆದು ಬಂದ ಸಂಘ. ಫೀಸಿಲ್ಲ, ಬಿಡಬೇಕೆಂಬ ಮನಸ್ಸಿದ್ದರೆ ಸಾಕು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಿ. ಮನೆಯವರಿಗೆಂದೇ ಅಲ್-ಅನಾನ್ ಇದೆ.

ಜಾರಿದರೆ

ಒಂದು ದಿನ ಕುಡಿದರೆ ಎಲ್ಲ ಹಾಳಾಯಿತೆಂದು ಬೈದು ಹೊರಗೆ ಹಾಕಬೇಡಿ. ‘ಹೇಗೂ ಹಾಳಾಯ್ತಲ್ಲ’ ಎಂಬ ಮಾತೇ ಎರಡನೇ ಬಾಟಲಿ ತರಿಸುವುದು. ಮರುದಿನವೇ ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಡೈಸಲ್ಫಿರಾಮ್ ಕೊಡಬೇಡಿ. ನಾಲ್ಕೈದು ದಿನ ಬಿಡದೆ ಕುಡಿದಿದ್ದರೆ ಮತ್ತೆ ಮೊದಲಿನ ಗಂಟೆ ಲೆಕ್ಕವೇ, ಮನೆಯಲ್ಲಿ ನಿಲ್ಲಿಸಬಾರದು. ಕುಡಿದದ್ದು ಎಷ್ಟು, ಕೊನೆಯ ಗ್ಲಾಸು ಯಾವಾಗ, ಕೊನೆಯ ಮಾತ್ರೆ ಯಾವತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಪಿಡಿಯಲ್ಲಿ ಮೊದಲು ಕೇಳುವುದು ಇಷ್ಟನ್ನೇ.