586101: ಪಿನ್‌ಕೋಡ್ ಒಡೆದು ನೋಡಿದ ಮಧ್ಯಾಹ್ನ

ವಿಜಯಪುರದ ನಮ್ಮ ಅಂಗಡಿಯಿಂದ ಹೊರಡುವ ಒಣದ್ರಾಕ್ಷಿ ಪಾರ್ಸೆಲ್‌ಗಳ ಮೇಲೆಲ್ಲ 586101 ಎಂದು ಬರೆಯುವವನು ನಾನೇ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ವಿಳಾಸದ ಗುರುತಷ್ಟೇ, ಲೆಕ್ಕಕ್ಕೆ ಬಂದದ್ದಲ್ಲ. ಆದರೂ ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಗಿರಾಕಿಗಳೂ ಇಲ್ಲದೆ ಕುಳಿತಾಗ ಇದನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆದು ನೋಡುವ ಹುಕಿ ಬಂತು. ಮೊಬೈಲ್ ಮುಟ್ಟಬಾರದು ಎಂಬ ಷರತ್ತು ನಾನೇ ಹಾಕಿಕೊಂಡದ್ದು.

ಅಂಕಿಗಳನ್ನು ಕೂಡಿದರೆ 21, ಹಾಗಾಗಿ 3 ತಕ್ಷಣ ಸಿಕ್ಕಿತು. ಉಳಿದದ್ದು 195367. 442ರ ವರ್ಗ 195364. ಒಡೆಯುವ ಸಂಖ್ಯೆಗೆ ಅದರ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಭಾಜಕ ಇದ್ದೇ ಇರುತ್ತದೆ, ಅಂದರೆ 442ರೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ನೋಡಿದರೆ ಸಾಕು. ಸಾಕು ಎನ್ನುವುದು ಬಾಯಿಮಾತಿಗೆ, ಅವು 85 ಇವೆ!

7, 11, 13ರ ಗುಣಲಬ್ಧ 1001 ಆದ್ದರಿಂದ ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸಬಹುದು: ಕೊನೆಯ ಮೂರಂಕಿ 367ರಲ್ಲಿ ಮೊದಲ ಮೂರಂಕಿ 195 ಕಳೆದರೆ 172, ಅದು ಮೂರರಿಂದಲೂ ಭಾಗವಾಗುವುದಿಲ್ಲ. ಉಳಿದವಕ್ಕೆ ಬಿಲ್ ಪುಸ್ತಕದ ಬೆನ್ನಿನ ಮೇಲೆ ಶಾಲೆಯ ಭಾಗಾಕಾರವೇ ಗತಿ. 41ಕ್ಕೆ ಶೇಷ 2 ಬಂದಾಗ ಕೈಗೆ ಬಂದದ್ದು ಜಾರಿದಂತಾಯಿತು. 71, 73 ಕೂಡ ಕೈಕೊಟ್ಟವು. ಆಮೇಲೆ 79. 195ರಲ್ಲಿ ಎರಡು ಸಲ, ಉಳಿದದ್ದು 37. 373ರಲ್ಲಿ ನಾಲ್ಕು ಸಲ, ಉಳಿದದ್ದು 57. 576ರಲ್ಲಿ ಏಳು ಸಲ, ಉಳಿದದ್ದು 23. ಕೊನೆಗೆ 237, ಅದು 79ರ ಮೂರು ಪಟ್ಟು. ಶೇಷ ಸೊನ್ನೆ. ಭಾಗಲಬ್ಧ 2473.

ಇನ್ನು 2473 ಒಡೆಯುತ್ತದೆಯೇ? ನಾನು ಮತ್ತೆ 7ರಿಂದ ಶುರು ಮಾಡಿ 23ರವರೆಗೆ ಬಂದಿದ್ದೆ. ಡಬ್ಬಿ ಕೊಡಲು ಬಂದ ಅಣ್ಣನ ಮಗಳು ಹಾಳೆಯನ್ನು ಇಣುಕಿ ನೋಡಿ, “ಕಾಕಾ, ಇವುಗಳನ್ನೆಲ್ಲ ಆಗಲೇ ಮಾಡಿದ್ದೀರಲ್ಲ?” ಎಂದಳು. ನಿಜವೇ. 2473 ಅನ್ನು ಭಾಗಿಸುವುದು 195367 ಅನ್ನೂ ಭಾಗಿಸಲೇಬೇಕು. 79ಕ್ಕಿಂತ ಚಿಕ್ಕವು ಒಂದೂ ಭಾಗಿಸಿರಲಿಲ್ಲ. 2473ರ ವರ್ಗಮೂಲವೋ 50ನ್ನೂ ಮುಟ್ಟುವುದಿಲ್ಲ. ಅಂದಮೇಲೆ ಅದು ಅವಿಭಾಜ್ಯ. ವ್ಯರ್ಥವಾಯಿತೆಂದು ಗೊಣಗಿದ ಭಾಗಾಕಾರಗಳೇ ಸಾಕ್ಷಿ ಹೇಳಿದ್ದವು, ನನಗೆ ಕೇಳಿಸಿರಲಿಲ್ಲ.

ಹೀಗೆ 586101 ಎಂದರೆ 3 × 79 × 2473. ಇದರಲ್ಲಿ 2473 ಮಾತ್ರ ಎರಡು ವರ್ಗಗಳ ಮೊತ್ತ: 48ರ ವರ್ಗಕ್ಕೆ 13ರ ವರ್ಗ ಕೂಡಿದರಾಯಿತು. ಇಡೀ ಪಿನ್‌ಕೋಡ್‌ಗೆ ಆ ಭಾಗ್ಯವಿಲ್ಲ. 3 ಮತ್ತು 79 ಎರಡನ್ನೂ 4ರಿಂದ ಭಾಗಿಸಿದರೆ 3 ಉಳಿಯುತ್ತದೆ, ಅಂಥ ಅವಿಭಾಜ್ಯಗಳು ಜೋಡಿಯಿಲ್ಲದೆ ಒಂಟಿಯಾಗಿ ಕುಳಿತರೆ ದಾರಿ ಮುಚ್ಚಿದಂತೆಯೇ.

ಹುಡುಗಿ ಈಗ ಬಾಗಲಕೋಟೆಯ 587101 ಹಿಡಿದುಕೊಂಡಿದ್ದಾಳೆ. 766ರವರೆಗೆ ಹೋಗಬೇಕಾಗಬಹುದು. ನಿನ್ನೆ 103ಕ್ಕೆ ಬಂದಿದ್ದಳು. ಶೇಷ 1.