ಒಮಾಕಾಸೆ ಸುಶಿ ಕೌಂಟರಿಗೆ ಹೋಗುವ ಮುನ್ನ
ಒಮಾಕಾಸೆ ಎಂಬ ಜಪಾನಿ ಊಟದ ಕ್ರಮದಲ್ಲಿ ಏನು ಬಡಿಸಬೇಕೆಂಬುದು ಬಾಣಸಿಗರಿಗೇ ಬಿಟ್ಟದ್ದು. ಹಾಗಾಗಿ ಅಲರ್ಜಿ, ತಿನ್ನದ ಪದಾರ್ಥ ಯಾವುದಿದ್ದರೂ ಬುಕಿಂಗ್ ಮಾಡುವಾಗಲೇ ತಿಳಿಸಿ; ಕೂತ ಮೇಲೆ ಹೇಳಿದರೆ ಬದಲಿ ಮೀನು ಇರಲಿಕ್ಕಿಲ್ಲ. ಹುಟ್ಟುಹಬ್ಬದ ಊಟವೇ ಆಗಿರಲಿ, ಸೆಂಟ್ ಹಾಕಿಕೊಂಡು ಮಾತ್ರ ಹೋಗಬೇಡಿ. ಎಂಟು-ಹತ್ತು ಜನರ ಕೌಂಟರಿನಲ್ಲಿ ಅದು ಮೀನಿನ ಘಮವನ್ನೇ ನುಂಗಿಬಿಡುತ್ತದೆ.

ನಿಗಿರಿ, ಅಂದರೆ ಅನ್ನದ ಉಂಡೆಯ ಮೇಲೆ ಮೀನಿನ ತುಂಡಿಟ್ಟ ಸುಶಿ, ಮುಂದಿಟ್ಟ ಕೂಡಲೇ ತಿನ್ನಿ. ಅನ್ನ ಮೈಬಿಸಿಯಷ್ಟೇ ಬೆಚ್ಚಗಿರುತ್ತದೆ. ಫೋಟೋ ತೆಗೆಯುತ್ತ ಕೂತರೆ ಆರುತ್ತದೆ, ನೋರಿ (ಒಣಗಿಸಿದ ಕಡಲಪಾಚಿಯ ಹಾಳೆ) ಸುತ್ತಿದ್ದರೆ ಅದೂ ಮೆತ್ತಗಾಗುತ್ತದೆ. ಕೈಯಲ್ಲೇ ಎತ್ತಬಹುದು, ಒಂದೇ ತುತ್ತು. ಬಾಣಸಿಗರು ಸೋಯಾ ಸಾಸ್ ಸವರಿ ಕೊಟ್ಟಿದ್ದರೆ ಮತ್ತೆ ಅದ್ದಬೇಡಿ. ಇಲ್ಲದಿದ್ದರೆ ಓರೆ ಮಾಡಿ ಮೀನಿನ ಅಂಚನ್ನಷ್ಟೇ ತಾಗಿಸಿ. ಅನ್ನ ಅದ್ದಿದರೆ ಸಾಸ್ ಹೀರಿ ಉದುರಿಹೋಗುತ್ತದೆ. ಶುಂಠಿ ಸುಶಿಯ ಮೇಲಿಡಲಿಕ್ಕಲ್ಲ, ತುತ್ತುಗಳ ನಡುವೆ ಬಾಯಿರುಚಿ ತೊಳೆಯಲಿಕ್ಕೆ. ಹೊಟ್ಟೆ ಚಿಕ್ಕದಿದ್ದರೆ ಅನ್ನ ಕಡಿಮೆ ಹಾಕಲು ಶುರುವಿನಲ್ಲೇ ಕೇಳಿ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ.