ಮುಂಬೈ ಸೆಕೆಯಲ್ಲಿ ಕಂಪ್ಯೂಟರ್‌ನ ಬಿಸಿ ಇಳಿಸುವುದು ಹೇಗೆ

ಭಾಂಡುಪ್‌ನಲ್ಲಿ ನಮ್ಮದು ಕೊನೇ ಮಹಡಿ. ಮೇ ತಿಂಗಳಲ್ಲಿ ರಾತ್ರಿ 11 ಗಂಟೆಗೂ ಕೋಣೆಯೊಳಗೆ 33 ಡಿಗ್ರಿ ಇರುತ್ತದೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ತಂಡಗಳು ಇಲ್ಲಿಗೆ ಬಂದಾಗ ಆಟಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ, ಎಡಿಟ್ ಮಾಡಲು ಬಿಡುವು ಸಿಗುವುದು ಮಾತ್ರ ಬೇಸಿಗೆ ರಜೆಯಲ್ಲಿ. ನಾಲ್ಕು ಗಂಟೆಯ ಆಟವನ್ನು ಫೈಲ್ ಚಿಕ್ಕದಾಗಿಸುವ ಎಚ್.265 ವಿಡಿಯೋ ರೂಪಕ್ಕೆ ಬದಲಿಸಲು ಹಾಕಿದರೆ ಪ್ರೊಸೆಸರ್‌ಗೆ ಒಂದು ಕ್ಷಣವೂ ಬಿಡುವಿಲ್ಲ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವವರಿಗೂ, ದೊಡ್ಡ ಕೋಡ್ ಕಂಪೈಲ್ ಮಾಡುವವರಿಗೂ ಇದೇ ಪಾಡು. ಹೋದ ವರ್ಷ ನನ್ನ ಕಂಪ್ಯೂಟರ್ ಅರ್ಧ ದಾರಿಯಲ್ಲಿ ತಾನಾಗಿಯೇ ಆಫ್ ಆಯಿತು. ಆಮೇಲೆ ಒಂದೊಂದಾಗಿ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನದಕ್ಕೆ ದುಡ್ಡು ಖರ್ಚಿಲ್ಲ.

ಮೊದಲು ಅಳೆಯಿರಿ. ಕೈಯಿಟ್ಟು ನೋಡಿ "ತುಂಬಾ ಬಿಸಿ" ಅಂದರೆ ಏನೂ ಗೊತ್ತಾಗುವುದಿಲ್ಲ. ವಿಂಡೋಸ್‌ನಲ್ಲಿ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್ ಹಾಕಿಕೊಳ್ಳಿ, ಎರಡೂ ಪುಕ್ಕಟೆ ಸಿಗುತ್ತವೆ. ಲಿನಕ್ಸ್ ಆದರೆ ಎಲ್‌ಎಂ-ಸೆನ್ಸರ್ಸ್ ಸಾಕು. ನಿಮ್ಮ ಭಾರದ ಕೆಲಸವನ್ನೇ 20 ನಿಮಿಷ ಓಡಿಸಿ, ಬಿಸಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ಪಕ್ಕದಲ್ಲಿ ಕೋಣೆಯ ಬಿಸಿ ಎಷ್ಟು ಅಂತಲೂ ಬರೆಯಿರಿ, ಇದನ್ನು ಜಾಸ್ತಿ ಜನ ಬಿಡುತ್ತಾರೆ. ಕೋಣೆ 5 ಡಿಗ್ರಿ ತಣ್ಣಗಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹಾಗಾಗಿ ಜನವರಿಯ ಅಂಕಿಯನ್ನು ಮೇ ತಿಂಗಳ ಅಂಕಿಯ ಪಕ್ಕ ಇಟ್ಟು ಹೋಲಿಸಿದರೆ ಅರ್ಥವಿಲ್ಲ.

ಎಷ್ಟಾದರೆ ಹೆದರಬೇಕು? ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ಕೂಡಲೇ ಅದು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಆಗಲೂ ಇಳಿಯದೆ ಹೋದರೆ ಮಾತ್ರ ಆಫ್ ಆಗುವುದು. ಎಎಂಡಿಯ ರೈಜೆನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳು ಪೂರ್ತಿ ಕೆಲಸ ಕೊಟ್ಟರೆ 95ರ ತನಕ ಹೋಗುವುದು ಅವನ್ನು ಮಾಡಿರುವ ರೀತಿಯಲ್ಲೇ ಇದೆ, ಅದಕ್ಕೆ ಗಾಬರಿ ಬೇಡ. ನನ್ನದು ಇಂಟೆಲ್‌ನ ಐ5-12400, ಜೊತೆಗೆ ಬಂದ ಕೂಲರ್ (ಪ್ರೊಸೆಸರ್ ಮೇಲೆ ಕೂರುವ ಲೋಹದ ರೆಕ್ಕೆ ಮತ್ತು ಫ್ಯಾನ್) ಅನ್ನೇ ಹಾಕಿದ್ದೇನೆ. ಅಳೆದಾಗ ಕೋಣೆ 33, ಪ್ರೊಸೆಸರ್ 98.

ಈಗ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಅದೇ ಕೆಲಸ ಇನ್ನೊಮ್ಮೆ ಓಡಿಸಿ. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಒಂದೇ ಸಲಕ್ಕೆ ತಪ್ಪು ಎಲ್ಲಿದೆ ಅಂತ ಹೇಳಿಬಿಡುತ್ತದೆ. ಮುಚ್ಚಳ ತೆಗೆದ ಮೇಲೆ 8-10 ಡಿಗ್ರಿ ಇಳಿದರೆ ಒಳಗೆ ಗಾಳಿ ಓಡಾಡುತ್ತಿಲ್ಲ ಅಂತ ಅರ್ಥ. ಏನೂ ಇಳಿಯದಿದ್ದರೆ ತೊಂದರೆ ಕೂಲರ್‌ನಲ್ಲಿ ಅಥವಾ ಅದರ ಮತ್ತು ಪ್ರೊಸೆಸರ್‌ನ ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್‌ನಲ್ಲಿ. ಆದರೆ ಮುಚ್ಚಳ ತೆಗೆದೇ ಇಟ್ಟುಬಿಡಬೇಡಿ. ಧೂಳಂತೂ ಸರಿ, ನಮ್ಮ ಕಡೆಯ ಮನೆಗಳಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಬಂದು ಕೂರುತ್ತದೆ.

ಗಾಳಿಯ ದಾರಿ ನೋಡಲು ಒಂದು ಊದುಬತ್ತಿ ಸಾಕು. ಕ್ಯಾಬಿನೆಟ್‌ನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದರೆ ಹೊಗೆಯ ಎಳೆ ಒಳಗೆ ಬಾಗಬೇಕು. ಹಿಂದಿನ ಫ್ಯಾನ್ ಹತ್ತಿರ ಹಿಡಿದರೆ ಹೊರಗೆ ತಳ್ಳಬೇಕು. ನನ್ನದರಲ್ಲಿ ಎರಡು ಕಡೆಯೂ ಹೊಗೆ ಹೊರಗೇ ಬರುತ್ತಿತ್ತು, ಯಾಕೆಂದರೆ ಮುಂದಿನ ಫ್ಯಾನ್ ಅನ್ನು ತಿರುಗಾಮುರುಗಾ ಹಾಕಿದ್ದರು. ಫ್ಯಾನಿನ ಯಾವ ಬದಿಯಲ್ಲಿ ನಡುವಿನ ಮೋಟಾರನ್ನು ಹಿಡಿದಿರುವ ಕಡ್ಡಿಗಳು ಕಾಣುತ್ತವೋ ಆ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿದೆ, ಐದು ನಿಮಿಷದ ಕೆಲಸ. ಹಾಗೇ ಪೆಟ್ಟಿಗೆ ಎಲ್ಲಿಟ್ಟಿದ್ದೀರಿ ಅಂತಲೂ ನೋಡಿ. ಬಾಗಿಲಿರುವ ಕಂಪ್ಯೂಟರ್ ಟೇಬಲ್‌ನ ಗೂಡಿನೊಳಗಿದ್ದರೆ ಹೊರಗೆ ತೆಗೆಯಿರಿ. 100 ವ್ಯಾಟ್ ತಿನ್ನುವ ಪ್ರೊಸೆಸರ್ ಅಂದರೆ ಹಳೇ ಕಾಲದ 100 ವ್ಯಾಟ್ ಬಲ್ಬನ್ನು ಆ ಗೂಡಿನಲ್ಲಿ ಹಚ್ಚಿಟ್ಟ ಹಾಗೆ, ಆ ಬಿಸಿ ಎಲ್ಲಾದರೂ ಹೋಗಬೇಕಲ್ವಾ?

ಧೂಳಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಬೆಡ್‌ರೂಮಿನ ಮನೆಯಲ್ಲಿ ಅಡುಗೆಮನೆ ಅಲ್ಲೇ ಪಕ್ಕದಲ್ಲಿರುತ್ತದೆ. ದಿನಾ ಒಗ್ಗರಣೆಯ ಹೊಗೆ, ದೇವರ ಮುಂದಿನ ಧೂಪ, ಕಿಟಕಿಯಿಂದ ರಸ್ತೆಯ ಮಣ್ಣು. ಎಲ್ಲ ಸೇರಿ ಕೂಲರ್‌ನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಜಿಡ್ಡು ಜಿಡ್ಡಾಗಿ ಕೂರುತ್ತದೆ, ಬರೀ ಊದಿದರೆ ಹೋಗುವುದೇ ಇಲ್ಲ. ನಾನು ಫ್ಯಾನ್ ಬಿಚ್ಚಿದಾಗ ರೆಕ್ಕೆಗಳ ನಡುವೆ ಬೂದು ಬಣ್ಣದ ಹಾಳೆಯಂತೆ ಒಂದು ಪದರ ಕೂತಿತ್ತು, ಚಿಮ್ಮಟದಲ್ಲಿ ಹಿಡಿದು ಎಳೆದರೆ ಇಡೀ ತುಂಡು ಎದ್ದು ಬಂತು. ಪವರ್ ಕೇಬಲ್ ತೆಗೆದು, ಬಟನ್ ಒಮ್ಮೆ ಒತ್ತಿ, ಪೆಟ್ಟಿಗೆಯನ್ನು ಬಾಲ್ಕನಿಗೆ ಒಯ್ಯಿರಿ. ಬಣ್ಣ ಹಚ್ಚುವ ಒಂದಿಂಚಿನ ಹೊಸ ಬ್ರಷ್ ತಗೊಂಡು ಮೊದಲು ಉಜ್ಜಿ ಸಡಿಲ ಮಾಡಿ, ಆಮೇಲೆ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ, ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಬಿಡಿಭಾಗಗಳನ್ನು ಹಾಳು ಮಾಡಬಲ್ಲ ಸ್ಟ್ಯಾಟಿಕ್ ವಿದ್ಯುತ್ ಹುಟ್ಟುತ್ತದೆ. ಇಷ್ಟಕ್ಕೇ ನನ್ನದು 98ರಿಂದ 89ಕ್ಕೆ ಇಳಿಯಿತು.

ಇನ್ನು ದೊಡ್ಡ ಲಾಭ ಇರುವುದು ಪ್ರೊಸೆಸರ್ ತಿನ್ನುವ ಕರೆಂಟಿಗೆ ಮಿತಿ ಹಾಕುವುದರಲ್ಲಿ. ಹೊಸ ಕೂಲರ್ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಮಾಡಿ ನೋಡಿ. ಬಿಸಿ ಏರುವುದು ವೇಗದ ಜೊತೆ ಮಾತ್ರ ಅಲ್ಲ, ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದರ) ಜೊತೆಗೂ ಏರುತ್ತದೆ, ಹಾಗಾಗಿ ವೇಗ ಮತ್ತು ವೋಲ್ಟೇಜ್ ಎರಡೂ ನೂರಕ್ಕೆ 10ರಷ್ಟು ಇಳಿದರೆ ಖರ್ಚಾಗುವ ವಿದ್ಯುತ್ ಸುಮಾರು ನೂರಕ್ಕೆ 27ರಷ್ಟು ಇಳಿಯುತ್ತದೆ. ಕೊನೆಯ ಆ ಸ್ವಲ್ಪ ವೇಗಕ್ಕಾಗಿಯೇ ನಾವು ಅಷ್ಟೊಂದು ಬಿಸಿ ಸಹಿಸುತ್ತಿರುತ್ತೇವೆ. 12400ರ ಮೂಲ ಮಿತಿ 65 ವ್ಯಾಟ್, ವೇಗ ಏರಿಸಿಕೊಳ್ಳುವ ಟರ್ಬೋದಲ್ಲಿ 117ರ ತನಕ ಹೋಗಬಹುದು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಪಿಎಲ್1 ಮತ್ತು ಪಿಎಲ್2 ಅಂತ ಎರಡು ಮಿತಿಗಳಿರುತ್ತವೆ, ಒಂದು ತುಂಬಾ ಹೊತ್ತಿನದು, ಇನ್ನೊಂದು ಸ್ವಲ್ಪ ಹೊತ್ತಿನದು, ಎರಡನ್ನೂ 65ಕ್ಕೆ ಇಟ್ಟೆ. 76 ಡಿಗ್ರಿಗೆ ಬಂದು ನಿಂತಿತು. ಕೆಲಸ ಮುಗಿಯಲು ಮೊದಲಿಗಿಂತ ಜಾಸ್ತಿ ಹಿಡಿದದ್ದು ಹತ್ತೇ ನಿಮಿಷ. ರೈಜೆನ್ ಇದ್ದವರು ಇಕೋ ಮೋಡ್ ಹುಡುಕಿ, ಬಯೋಸ್‌ನಲ್ಲೋ ಎಎಂಡಿಯ ರೈಜೆನ್ ಮಾಸ್ಟರ್ ತಂತ್ರಾಂಶದಲ್ಲೋ ಸಿಗುತ್ತದೆ. 105 ವ್ಯಾಟಿನದನ್ನು 65ರ ಮಟ್ಟಕ್ಕೆ ತರುತ್ತದೆ.

ಬಯೋಸ್‌ನಲ್ಲಿ ಇದು ಇಲ್ಲವೇ? ವಿಂಡೋಸ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ತೆರೆದು, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99 ಮಾಡಿ. ಒಂದೇ ಅಂಕಿ, ಆದರೆ ಟರ್ಬೋ ಪೂರ್ತಿ ನಿಲ್ಲುತ್ತದೆ. ಇದು ಒರಟು ಉಪಾಯ. 4.4 ಗಿಗಾಹರ್ಟ್ಸ್ ತನಕ ಹೋಗಬಲ್ಲ ನನ್ನ ಪ್ರೊಸೆಸರ್ ಆಗ 2.5ರಲ್ಲೇ ನಿಲ್ಲುತ್ತದೆ, ಕೆಲಸ ತುಂಬಾ ನಿಧಾನ. ರಾತ್ರಿ ಹಾಕಿ ಮಲಗುವವರಿಗೆ ನಡೆಯುತ್ತದೆ. ಬ್ಲೆಂಡರ್‌ನಲ್ಲಾದರೆ ರೆಂಡರ್ ಸೆಟ್ಟಿಂಗ್‌ನಲ್ಲೇ ಥ್ರೆಡ್‌ಗಳ (ಒಟ್ಟಿಗೆ ಓಡುವ ಕೆಲಸದ ಎಳೆಗಳ) ಸಂಖ್ಯೆ ಕಡಿಮೆ ಮಾಡಬಹುದು. ಹೊತ್ತನ್ನೂ ನೋಡಿಕೊಳ್ಳಿ. ಮಧ್ಯಾಹ್ನ 2ಕ್ಕೆ ಹಾಕುವ ಬದಲು ರಾತ್ರಿ 1ಕ್ಕೆ ಹಾಕಿದರೆ ಕೋಣೆ ತಣ್ಣಗಿದ್ದಷ್ಟೂ ನಿಮಗೆ ಲಾಭ.

ಥರ್ಮಲ್ ಪೇಸ್ಟ್ ಕೊನೆಗೆ. ನಾಲ್ಕೈದು ವರ್ಷವಾಗಿದ್ದರೆ ಒಣಗಿ ಹೋಗಿರಬಹುದು. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿರಿಂಜ್ ಲೆಕ್ಕದಲ್ಲಿ ಸಿಗುತ್ತದೆ, ಜೊತೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ. ಇಂಟೆಲ್ ಕೂಲರ್‌ನ ನಾಲ್ಕು ಪಿನ್‌ಗಳ ತಲೆಯನ್ನು ಬಾಣದ ಗುರುತಿನ ಕಡೆ ತಿರುಗಿಸಿ ಮೇಲೆತ್ತಿದರೆ ಬಿಟ್ಟುಕೊಳ್ಳುತ್ತದೆ. ಹಳೇ ಎಎಂ4 ಸಾಕೆಟ್‌ನ ರೈಜೆನ್ ಆದರೆ ಮೊದಲು ಹತ್ತು ನಿಮಿಷ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಚಿ ತೆಗೆಯಿರಿ. ನೆಟ್ಟಗೆ ಎಳೆದರೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರಬಹುದು, ಪಿನ್ ಬಾಗಬಹುದು. ಹಳೇ ಪೇಸ್ಟನ್ನು ಎರಡೂ ಕಡೆ ಲೋಹ ಹೊಳೆಯುವ ತನಕ ಒರೆಸಿ. ನಾನು ಒಮ್ಮೆ ರಿಪೇರಿಗೆ ಕೊಟ್ಟಾಗ ಹಳೆಯದರ ಮೇಲೆಯೇ ಹೊಸದನ್ನು ಮೆತ್ತಿ ಕೊಟ್ಟಿದ್ದರು, ಬಿಸಿ ಒಂದು ಡಿಗ್ರಿಯೂ ಇಳಿದಿರಲಿಲ್ಲ. ನಡುವೆ ಬಟಾಣಿ ಕಾಳಿನಷ್ಟು ಹಾಕಿ, ಕೂಲರ್ ಇಟ್ಟು, ಪಿನ್‌ಗಳ ತಲೆಯನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿಕೊಂಡು, ಮೂಲೆಯಿಂದ ಎದುರು ಮೂಲೆಗೆ ಅಂತ ಒತ್ತಿ. ನಾಲ್ಕು ಸಲ ಟಕ್ ಅನ್ನಬೇಕು. ಮೂರೇ ಕೇಳಿದರೆ ಬೋರ್ಡ್ ತಿರುಗಿಸಿ ಹಿಂದಿನಿಂದ ನೋಡಿ.

ಲ್ಯಾಪ್‌ಟಾಪ್‌ಗೂ ಹೆಚ್ಚು ಕಡಿಮೆ ಇದೇ. ಹಾಸಿಗೆ ಮೇಲೆ ಇಡಲೇಬೇಡಿ, ಕೆಳಗಿನ ಕಿಂಡಿ ಮುಚ್ಚಿಹೋಗುತ್ತದೆ. ಹಿಂದಿನ ಅಂಚಿಗೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿ.

ನನ್ನ ಕ್ಯಾಬಿನೆಟ್‌ನ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಪೇಸ್ಟ್ ಹಾಕಿದ ದಿನದ್ದು: ಕೋಣೆ 33, ಪ್ರೊಸೆಸರ್ 72. ಅಷ್ಟೇ ಸೆಕೆಯಲ್ಲಿ ಅದೇ ಕೆಲಸಕ್ಕೆ ಅದು 80 ದಾಟಿದ ದಿನ ಮತ್ತೆ ಬ್ರಷ್ ತೆಗೆಯುತ್ತೇನೆ.